‘ನೋಡಿ ಕಲಿಯೋ ಹುಡುಗ’ ಅಂದರು, ಮೂರು ತಿಂಗಳು ಚಿತ್ರ ಬರೆದೆ, ಭಿನ್ನರಾಶಿ ಮಾತ್ರ ಬರಲಿಲ್ಲ

ಟ್ಯೂಷನ್_ಹೊಸಬ

ಎಲ್ಲರಿಗೂ ನಮಸ್ಕಾರ. ಒಬ್ಬೊಬ್ಬರನ್ನೇ ಕೂರಿಸಿಕೊಂಡು ಪಾಠ ಹೇಳಲು ಶುರು ಮಾಡಿ ಒಂದು ವರ್ಷವಾಯಿತು. ಗಣಿತ ಜಾಸ್ತಿ, ವಿಜ್ಞಾನ ಸ್ವಲ್ಪ. ಈಗ ನಾಲ್ಕು ಮಕ್ಕಳು ಬರುತ್ತಾರೆ. ನಾಲ್ವರೂ ನಾಲ್ಕು ದಿಕ್ಕು.

ಕೇಳಬೇಕಾಗಿರುವುದು ಒಬ್ಬನ ವಿಷಯ. ಏಳನೇ ತರಗತಿ. ಮೊದಲ ದಿನವೇ ಮನೆಯವರು ಒಂದು ಹಾಳೆ ಕೈಗಿಟ್ಟರು. ಯಾವುದೋ ಆನ್‌ಲೈನ್ ಪ್ರಶ್ನಾವಳಿ ತುಂಬಿಸಿದ್ದರಂತೆ. ‘ಇವನು ನೋಡಿ ಕಲಿಯುವವನು. ಬಾಯಲ್ಲಿ ಹೇಳಿದರೆ ತಲೆಗೆ ಹೋಗಲ್ಲ, ಚಿತ್ರ ಬರೆದೇ ಹೇಳಿಕೊಡಿ’ ಅಂದರು. ನಾನೂ ನಂಬಿದೆ. ಭಿನ್ನರಾಶಿಗೆ ವೃತ್ತ ಕತ್ತರಿಸಿದೆ, ಬಣ್ಣದ ಪಟ್ಟಿ ಮಾಡಿದೆ, ಕಾರ್ಡ್ ಮಾಡಿದೆ. ರಾತ್ರಿ 11ರವರೆಗೆ ಸ್ಕೆಚ್ ಪೆನ್ ಹಿಡಿದು ಕೂತ ದಿನಗಳಿವೆ. ಹುಡುಗ ಖುಷಿಯಾಗಿದ್ದ. ಏನು ಕೇಳಿದರೂ ‘ಗೊತ್ತಾಯ್ತು ಸರ್’.

ಹೋದ ವಾರ ಬಿಳಿ ಹಾಳೆ ಕೊಟ್ಟು 1/2 + 1/3 ಎಷ್ಟು ಅಂದೆ. ಒಂದು ಕ್ಷಣವೂ ಯೋಚಿಸಲಿಲ್ಲ. 2/5 ಅಂತ ಬರೆದು ಪೆನ್ನಿನ ಮುಚ್ಚಳ ಹಾಕಿದ.

ಮೂರು ತಿಂಗಳ ಪಾಠ ಎಲ್ಲಿ ಹೋಯಿತು ಅಂತ ನನಗೇ ಗೊತ್ತಾಗುತ್ತಿಲ್ಲ. ಇವನ ‘ಶೈಲಿ’ ನಾನು ತಪ್ಪು ತಿಳಿದುಕೊಂಡೆನಾ? ಇನ್ನೊಬ್ಬಳಿದ್ದಾಳೆ, ಹತ್ತು ನಿಮಿಷ ಕುರ್ಚಿಯಲ್ಲಿ ನಿಲ್ಲಲ್ಲ. ಮೂರನೆಯವಳು ಬಾಯೇ ಬಿಡಲ್ಲ. ನಾಲ್ಕನೆಯವನು ಬಾಯಿ ಮುಚ್ಚಲ್ಲ. ನೀವೆಲ್ಲ ಒಬ್ಬೊಬ್ಬರಿಗೆ ತಕ್ಕ ಹಾಗೆ ಪಾಠ ಹೇಗೆ ಬದಲಾಯಿಸುತ್ತೀರಿ?

ಎರಡು_ಮಕ್ಕಳ_ಅಮ್ಮ

ನಾನು ಟೀಚರ್ ಅಲ್ಲ. ಆದರೂ ಈ ಹಣೆಪಟ್ಟಿ ವಿಷಯ ಬಂದರೆ ಸುಮ್ನೆ ಇರೋಕೆ ಆಗಲ್ಲ.

ನಮ್ಮ ದೊಡ್ಡವಳನ್ನು ಯಾರೋ ‘ಕೇಳಿ ಕಲಿಯೋಳು’ ಅಂದುಬಿಟ್ಟರು. ಅವಳಿಗೆ ಅದೇ ಸಾಕಾಯಿತು. ಪುಸ್ತಕ ತೆಗಿ ಅಂದರೆ ‘ನಾನು ಓದೋ ಟೈಪ್ ಅಲ್ಲಮ್ಮ, ನೀನು ಓದಿ ಹೇಳು’ ಅನ್ನುತ್ತಿದ್ದಳು. ನಾನೂ ಒಂದು ವರ್ಷ ಪಾಠ ಎಲ್ಲ ಗಟ್ಟಿಯಾಗಿ ಓದಿ ಹೇಳಿದೆ. ಕೊನೆಗೆ ಒಂದು ದಿನ ಗೋಡೆ ಗಡಿಯಾರ ನೋಡಲು ಕಣ್ಣು ಕಿರಿದು ಮಾಡಿದ್ದು ಕಣ್ಣಿಗೆ ಬಿತ್ತು. ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆವು. ಕನ್ನಡಕ ಬಂತು. ಶಾಲೆಯ ಬೋರ್ಡ್ ಅವಳಿಗೆ ಕಾಣಿಸುತ್ತಲೇ ಇರಲಿಲ್ಲ! ಕೇಳಿ ಕಲಿಯದೆ ಇನ್ನೇನು ಮಾಡುತ್ತಾಳೆ ಪಾಪ.

ಕನ್ನಡಕ ಬಂದ ಮೇಲೂ ಪುಸ್ತಕ ತೆಗೆಯಲು ಆರು ತಿಂಗಳು ಬೇಕಾಯಿತು. ‘ನಾನು ಓದೋಳಲ್ಲ’ ಅನ್ನೋದು ಅಷ್ಟು ಗಟ್ಟಿಯಾಗಿ ಕೂತಿತ್ತು.

ಮನಸ್ಸಿನ_ಓದುಗ

ಹೊಸಬರೇ, ಆ ಹಾಳೆಯ ಹಿಂದಿನ ಕಥೆ ಸ್ವಲ್ಪ ಹೇಳುತ್ತೇನೆ. ನೋಡುವುದು, ಕೇಳುವುದು, ಓದಿ ಬರೆಯುವುದು, ಮಾಡಿ ಕಲಿಯುವುದು ಅಂತ ನಾಲ್ಕು ಗುಂಪು ಮಾಡುವ ‘ವಾರ್ಕ್’ ಪ್ರಶ್ನಾವಳಿ ಮಾಡಿದ್ದು ನ್ಯೂಜಿಲೆಂಡಿನ ನೀಲ್ ಫ್ಲೆಮಿಂಗ್. ಕಾಲೀನ್ ಮಿಲ್ಸ್ ಜೊತೆ ಸೇರಿ ಅದರ ಬಗ್ಗೆ ಬರೆದಿದ್ದು 1992ರಲ್ಲಿ. ಇಂಥವು ಇದೊಂದೇ ಅಲ್ಲ. 2004ರಲ್ಲಿ ಫ್ರಾಂಕ್ ಕಾಫೀಲ್ಡ್ ಮತ್ತು ಅವರ ಜೊತೆಯವರು ಎಣಿಸಿದಾಗ 71 ಬೇರೆ ಬೇರೆ ಮಾದರಿ ಸಿಕ್ಕವು. ಒಂದೇ ಮಗುವನ್ನು 71 ರೀತಿಯಲ್ಲಿ ವಿಂಗಡಿಸಬಹುದು ಅಂದರೆ ವಿಂಗಡಣೆಯ ಮೇಲೇ ಅನುಮಾನ ಬರಬೇಕಲ್ವಾ?

2008ರಲ್ಲಿ ಹ್ಯಾರಲ್ಡ್ ಪ್ಯಾಶ್ಲರ್ ಮತ್ತು ಇನ್ನೂ ಮೂವರು ಮನಶ್ಶಾಸ್ತ್ರಜ್ಞರು ಒಂದು ನೇರ ಪ್ರಶ್ನೆ ಹಾಕಿಕೊಂಡರು. ಶೈಲಿಗೆ ಹೊಂದಿಸಿದರೆ ಜಾಸ್ತಿ ಕಲಿಯುತ್ತಾರೆ ಅನ್ನಲು ಎಂಥ ಸಾಕ್ಷಿ ಬೇಕು? ‘ನೋಡುವವರು’ ಅನಿಸಿಕೊಂಡವರಲ್ಲಿ ಅರ್ಧ ಜನಕ್ಕೆ ಚಿತ್ರದಲ್ಲಿ, ಅರ್ಧ ಜನಕ್ಕೆ ಮಾತಿನಲ್ಲಿ ಪಾಠ ಮಾಡಬೇಕು. ‘ಕೇಳುವವರಿಗೂ’ ಹಾಗೇ. ಕೊನೆಗೆ ಎಲ್ಲರಿಗೂ ಒಂದೇ ಪರೀಕ್ಷೆ. ನೋಡುವವರು ಚಿತ್ರದಲ್ಲಿ ಗೆಲ್ಲಬೇಕು, ಕೇಳುವವರು ಮಾತಿನಲ್ಲಿ ಗೆಲ್ಲಬೇಕು. ಹೀಗೆ ಸರಿಯಾಗಿ ಮಾಡಿದ ಪ್ರಯೋಗ ಬೆರಳೆಣಿಕೆಯಷ್ಟು ಮಾತ್ರ ಸಿಕ್ಕವು. ಅದರಲ್ಲೂ ಕೆಲವು ಉಲ್ಟಾ ಹೊಡೆದವು. 2015ರಲ್ಲಿ ಬೆತ್ ರೊಗೊವ್ಸ್ಕಿ ಮತ್ತು ಸಂಗಡಿಗರು ದೊಡ್ಡವರಿಗೇ ಆಡಿಯೋ ಪುಸ್ತಕ ಮತ್ತು ಸ್ಕ್ರೀನ್ ಮೇಲೆ ಓದುವ ಪಠ್ಯ ಕೊಟ್ಟು ನೋಡಿದರು. ಯಾರಿಗೆ ಯಾವುದು ಇಷ್ಟವೋ ಅದಕ್ಕೂ, ಎಷ್ಟು ಅರ್ಥವಾಯಿತು ಅನ್ನೋದಕ್ಕೂ ಸಂಬಂಧವೇ ಕಾಣಲಿಲ್ಲ.

ಇಷ್ಟ ಅನ್ನೋದು ಇರುತ್ತದೆ. ಅದು ಸುಳ್ಳಲ್ಲ. ಆದರೆ ಭೂಪಟ ಕಲಿಯಲು ಯಾರಿಗಾದರೂ ಕಣ್ಣೇ ಬೇಕು. ಉಚ್ಚಾರಣೆ ಕಲಿಯಲು ಕಿವಿಯೇ ಬೇಕು. ಹೇಗೆ ಕಲಿಸಬೇಕು ಅಂತ ಮೊದಲು ಹೇಳುವುದು ಪಾಠ, ಆಮೇಲೆ ಹುಡುಗ.

ವ್ಯಾಕರಣ_ಮಿಸ್

ಕ್ಷಮಿಸಿ, ನಾನು ಒಪ್ಪಲ್ಲ. ಪ್ರಯೋಗದಲ್ಲಿ ಏನು ಬಂತೋ ನನಗೆ ಗೊತ್ತಿಲ್ಲ. ನನ್ನ ಹತ್ತಿರ ಒಬ್ಬ ಬರುತ್ತಾನೆ. ಕೂರಿಸಿದರೆ ಒಂದು ಪದ್ಯವೂ ಬಾಯಿಗೆ ಬರಲ್ಲ. ಎದ್ದು ನಡೆಯಲು ಬಿಟ್ಟರೆ ಎರಡು ಸುತ್ತಿಗೆ ಒಂದು ಪದ್ಯ. ಕಣ್ಣಾರೆ ನೋಡಿದ್ದೇನೆ. ಅವನನ್ನು ‘ಮಾಡಿ ಕಲಿಯುವವನು’ ಅನ್ನದೆ ಏನನ್ನಲಿ?

ಮನಸ್ಸಿನ_ಓದುಗ

ಮಿಸ್, ನೀವು ನೋಡಿದ್ದು ನಿಜವೇ ಇರಬೇಕು. ನಡೆಯಲು ಬಿಡಿ, ನಿಲ್ಲಿಸಬೇಡಿ. ನನ್ನ ತಕರಾರು ಹೆಸರಿನ ಮೇಲೆ ಅಷ್ಟೇ. ಅವನ ಕಾಲು ಪದ್ಯ ಕಲಿಯುತ್ತಿಲ್ಲ. ನಡೆದಾಗ ಅವನ ಗಮನ ಪದ್ಯದ ಮೇಲೆ ನಿಲ್ಲುತ್ತದೆ, ಕೂತಾಗ ಕುರ್ಚಿಯ ಮೇಲೆ ನಿಲ್ಲುತ್ತದೆ. ‘ಮಾಡಿ ಕಲಿಯುವವನು’ ಅಂತ ಬರೆದಿಟ್ಟರೆ ನಾಳೆ ಸಂಧಿ ಸಮಾಸಕ್ಕೂ ಕುಣಿತ ಹುಡುಕಬೇಕಾಗುತ್ತದೆ.

ವ್ಯಾಕರಣ_ಮಿಸ್

ಕುಣಿತದ ಮಾತಿಗೆ ನಗು ಬಂತು, ಒಪ್ಪಿಗೆ ಇನ್ನೂ ಬಂದಿಲ್ಲ.

ಹಳೇ_ಕರಿಹಲಗೆ

ಮೂವತ್ತು ವರ್ಷ ಗಣಿತ ಹೇಳಿದ್ದೇನೆ, ಈಗ ಮನೆಯಲ್ಲೇ ಒಬ್ಬೊಬ್ಬರಿಗೆ. ಶೈಲಿಯ ಜಗಳ ಪಕ್ಕಕ್ಕಿಡಿ. ಹೊಸಬರೇ, ನಿಮ್ಮ ಹುಡುಗ ಕೊಟ್ಟ 2/5 ನೋಡಿ ನನಗೆ ಖುಷಿಯಾಯಿತು. ಅದು ಬಾಯಿಗೆ ಬಂದಿದ್ದು ಹೇಳಿದ ಉತ್ತರವಲ್ಲ. ಮೇಲಿನದ್ದಕ್ಕೆ ಮೇಲಿನದ್ದು ಕೂಡು, ಕೆಳಗಿನದ್ದಕ್ಕೆ ಕೆಳಗಿನದ್ದು ಕೂಡು. ಅವನ ಹತ್ತಿರ ಒಂದು ನಿಯಮ ಇದೆ. ಅದನ್ನು ಎಷ್ಟು ಶಿಸ್ತಾಗಿ ಪಾಲಿಸಿದ್ದಾನೆ ನೋಡಿ. ಅದಕ್ಕೇ ಯೋಚಿಸಲಿಲ್ಲ, ಮುಚ್ಚಳ ಹಾಕಿದ.

ಚಿಕ್ಕ ಮಕ್ಕಳ ಕಳೆಯುವ ಲೆಕ್ಕದಲ್ಲೂ ಇದೇ. 52ರಲ್ಲಿ 27 ಕಳೆ ಅಂದರೆ 35 ಅನ್ನುತ್ತಾರೆ. ನಾವು ‘ಗಮನ ಇಲ್ಲ’ ಅಂತ ಬೈಯುತ್ತೇವೆ. ಗಮನ ಇದೆ. 2ರಲ್ಲಿ 7 ಹೋಗಲ್ಲ, ಹಾಗಾಗಿ 7ರಲ್ಲಿ 2 ಕಳೆದು 5 ಬರೆದಿದ್ದಾನೆ. ದೊಡ್ಡದರಲ್ಲಿ ಚಿಕ್ಕದು ಕಳೆಯಬೇಕು ಅಂತ ನಾವೇ ಎಲ್ಲೋ ಹೇಳಿಕೊಟ್ಟಿರುತ್ತೇವೆ. ಬ್ರೌನ್ ಮತ್ತು ಬರ್ಟನ್ ಅನ್ನುವ ಇಬ್ಬರು 1978ರಲ್ಲೇ ಇಂಥ ತಪ್ಪುಗಳನ್ನು ಕೂಡಿಹಾಕಿ ತೋರಿಸಿದರು. ಕಂಪ್ಯೂಟರ್ ಪ್ರೋಗ್ರಾಮಿನಲ್ಲಿ ಇರುವಂಥ ‘ಬಗ್’ ಮಕ್ಕಳ ಲೆಕ್ಕದಲ್ಲೂ ಇರುತ್ತದೆ, ಪ್ರತಿ ಸಲ ಅದೇ ಜಾಗದಲ್ಲಿ ಎಡವುತ್ತಾರೆ ಅಂತ. ದಶಾಂಶದಲ್ಲಿ 0.45 ದೊಡ್ಡದು, 0.5 ಚಿಕ್ಕದು ಅನ್ನೋ ಮಗು ಇದೇ ಜಾತಿ. 45 ದೊಡ್ಡದಲ್ವಾ ಸರ್, ಅನ್ನುತ್ತದೆ.

ನನಗೆ ಪಾಠ ಬದಲಾಯಿಸುವುದು ಅಂದರೆ ಈ ಬಗ್ ಹುಡುಕುವುದು. ಒಂದೇ ತಪ್ಪು ಉತ್ತರ ಬರೆದ ಇಬ್ಬರು ಮಕ್ಕಳಿಗೂ ಎರಡು ಬೇರೆ ಕಾರಣ ಇರಬಹುದು. ತರಗತಿಯಲ್ಲಿ ಅದನ್ನು ಕೇಳಲು ಪುರುಸೊತ್ತಿಲ್ಲ. ಎದುರಿಗೆ ಒಬ್ಬನೇ ಕೂತಾಗ ಇದೆ. ‘ಹೇಗೆ ಮಾಡಿದೆ ಹೇಳು’ ಅನ್ನಿ. ಅಂದ ಮೇಲೆ ಬಾಯಿ ಮುಚ್ಚಿಕೊಂಡಿರಿ. ಇದೇ ಕಷ್ಟ! ನಮಗೆಲ್ಲ ಮೌನ ಅಂದರೆ ತುರಿಕೆ. ಮೇರಿ ಬಡ್ ರೋವ್ ಅನ್ನುವವರು 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಕೇಳಿ ಲೆಕ್ಕ ಹಾಕಿದರು. ಪ್ರಶ್ನೆ ಕೇಳಿದ ಮೇಷ್ಟ್ರು ಉತ್ತರಕ್ಕೆ ಕಾಯುತ್ತಿದ್ದದ್ದು ಸರಾಸರಿ ಒಂದು ಸೆಕೆಂಡ್. ಮೂರು ಸೆಕೆಂಡ್ ಕಾದಾಗ ಉತ್ತರ ಉದ್ದವಾದವು, ‘ಗೊತ್ತಿಲ್ಲ’ ಕಮ್ಮಿಯಾಯಿತು. ನಿಮ್ಮ ಬಾಯೇ ಬಿಡದ ಹುಡುಗಿಗೆ ಮೂರಲ್ಲ, ಹತ್ತು ಕೊಟ್ಟು ನೋಡಿ. ಮನಸ್ಸಲ್ಲೇ ಎಣಿಸಿ.

ಇನ್ನೊಂದು ಕೇಳಲಾ? ಆ ಚಿತ್ರಗಳನ್ನೆಲ್ಲ ಬರೆದವರು ಯಾರು?

ಟ್ಯೂಷನ್_ಹೊಸಬ

ನಾನೇ.

ಹಳೇ_ಕರಿಹಲಗೆ

ಹಾಗಾದರೆ ಈ ಮೂರು ತಿಂಗಳಲ್ಲಿ ಭಿನ್ನರಾಶಿ ಚೆನ್ನಾಗಿ ಕಲಿತವರು ನೀವು.

ಬೈಯುತ್ತಿಲ್ಲ. ನಾನೂ ಹೀಗೇ ವರ್ಷಗಟ್ಟಲೆ ಮಾಡಿದ್ದೇನೆ. ಮುಂದಿನ ಪಾಠಕ್ಕೆ ಕಾರ್ಡ್ ಎಲ್ಲ ಮನೆಯಲ್ಲಿ ಬಿಟ್ಟು ಹೋಗಿ. 2/5 ತಪ್ಪು ಅಂತ ಹೇಳಬೇಡಿ. ‘1/2 ದೊಡ್ಡದಾ, 2/5 ದೊಡ್ಡದಾ?’ ಅಂತಷ್ಟೇ ಕೇಳಿ. ಅರ್ಧಕ್ಕೆ ಇನ್ನೊಂದಿಷ್ಟು ಸೇರಿಸಿದ ಮೇಲೆ ಅರ್ಧಕ್ಕಿಂತ ಕಮ್ಮಿ ಹೇಗಾಯಿತು? ಅದು ಅವನಿಗೇ ಹೊಳೆಯಬೇಕು. ಹೊಳೆದ ಮೇಲೆ ಎರಡು ಕಾಗದದ ಪಟ್ಟಿ ಕೊಡಿ. ಒಂದನ್ನು ಎರಡು ಭಾಗ, ಇನ್ನೊಂದನ್ನು ಮೂರು ಭಾಗ ಅವನೇ ಮಡಚಲಿ. ನಿಮ್ಮ ಕೈ ಮೇಜಿನ ಕೆಳಗಿರಲಿ.

ಎರಡು_ಮಕ್ಕಳ_ಅಮ್ಮ

ಒಂದು ಅನುಮಾನ. ಶೈಲಿಗೆ ತಕ್ಕ ಪಾಠ ಅನ್ನೋದು ಸುಳ್ಳಾದರೆ ಒಬ್ಬೊಬ್ಬರಿಗೇ ಟ್ಯೂಷನ್ ಯಾಕೆ? ಇಪ್ಪತ್ತು ಜನರ ಜೊತೆ ಕೂತರೆ ಸಾಲದಾ?

ಮನಸ್ಸಿನ_ಓದುಗ

ಸಾಲಲ್ಲ. ಅಮೆರಿಕದ ಶಿಕ್ಷಣ ಮನಶ್ಶಾಸ್ತ್ರಜ್ಞ ಬೆಂಜಮಿನ್ ಬ್ಲೂಮ್ 1984ರಲ್ಲಿ ಬರೆದ ಲೇಖನ ಈ ವಿಷಯದಲ್ಲಿ ಎಲ್ಲರ ಬಾಯಲ್ಲೂ ಇದೆ. ಒಬ್ಬೊಬ್ಬರಿಗೇ ಪಾಠ ಹೇಳಿಸಿಕೊಂಡ ಸಾಧಾರಣ ವಿದ್ಯಾರ್ಥಿ ಮಾಮೂಲಿ ತರಗತಿಯ 98% ಮಕ್ಕಳಿಗಿಂತ ಮುಂದೆ ಬಂದ ಅಂತ ಅವರು ಹೇಳಿದರು. ಅದು ತೀರಾ ದೊಡ್ಡ ಅಂಕಿ. ಕರ್ಟ್ ವ್ಯಾನ್‌ಲೆನ್ 2011ರಲ್ಲಿ ಹಲವು ಅಧ್ಯಯನ ಒಟ್ಟು ಮಾಡಿ ನೋಡಿದಾಗ ಲಾಭ ಬ್ಲೂಮ್ ಹೇಳಿದ್ದಕ್ಕಿಂತ ತುಂಬಾ ಕಮ್ಮಿ ಬಂತು. ಆದರೂ ನೂರು ಜನರ ಸಾಲಿನಲ್ಲಿ ನಡುವೆ ನಿಂತವನನ್ನು ಮುಕ್ಕಾಲು ದಾಟಿಸುವಷ್ಟು ಇತ್ತು. ಕಮ್ಮಿಯೇನಲ್ಲ.

ಯಾಕೆ ಕೆಲಸ ಮಾಡುತ್ತದೆ ಅಂದರೆ, ಕರಿಹಲಗೆಯವರು ಹೇಳಿದ್ದೇ. ತಪ್ಪು ಮಾಡಿದ ಕ್ಷಣದಲ್ಲೇ ಯಾರೋ ನೋಡುತ್ತಿರುತ್ತಾರೆ. ಅದು ಸರಿಯಾಗುವ ತನಕ ಮುಂದಿನ ಪಾಠಕ್ಕೆ ಹೋಗಲ್ಲ.

ಖಾಲಿ_ಸ್ಕ್ರೀನ್

ನಾನು ಕೋಡಿಂಗ್ ಹೇಳಿಕೊಡುತ್ತೇನೆ, ಎಲ್ಲ ಆನ್‌ಲೈನ್. ನನ್ನಲ್ಲಿ ಬರುವವರು ಹೆಚ್ಚಾಗಿ ವಿಡಿಯೋ ನೋಡಿ ನೋಡಿ ಬಂದವರು. ವಿಡಿಯೋ ಜೊತೆಗೆ ಟೈಪ್ ಮಾಡುತ್ತಾರೆ, ಎಲ್ಲ ಓಡುತ್ತದೆ. ಖಾಲಿ ಫೈಲ್ ತೆಗೆದು 1ರಿಂದ 10ರವರೆಗೆ ಕೂಡಿಸುವ ಲೂಪ್ ಬರಿ ಅಂದರೆ ಕರ್ಸರ್ ಮಿಣಮಿಣ ಅನ್ನುತ್ತಾ ನಿಂತಿರುತ್ತದೆ.

ನಾನು ಬದಲಾಯಿಸುವುದು ಒಂದೇ, ಆಸರೆ ಎಷ್ಟು ಕೊಡಬೇಕು ಅನ್ನೋದು. ತೀರಾ ಹೊಸಬನಿಗೆ ಪೂರ್ತಿ ಬರೆದ ಪ್ರೋಗ್ರಾಮ್ ಕೊಟ್ಟು ‘ಈ ಸಾಲು ಯಾಕಿದೆ?’ ಅಂತ ಕೇಳುತ್ತೇನೆ. ಸ್ವಲ್ಪ ಬಂದವನಿಗೆ ಎರಡು ಸಾಲು ಅಳಿಸಿ ಕೊಡುತ್ತೇನೆ. ಆಮೇಲೆ ಐದು ಸಾಲು. ಕೊನೆಗೆ ಖಾಲಿ ಫೈಲ್. ಎಲ್ಲ ಬರುವವನಿಗೆ ಪೂರ್ತಿ ಬಿಡಿಸಿದ ಉದಾಹರಣೆ ಕೊಟ್ಟರೆ ಉಪಯೋಗಕ್ಕಿಂತ ತೊಂದರೆಯೇ ಜಾಸ್ತಿ. ಏನೂ ಬರದವನಿಗೆ ಖಾಲಿ ಫೈಲ್ ಕೊಟ್ಟರೆ ಅಳುತ್ತಾನೆ. ಎರಡೂ ಮಾಡಿ ನೋಡಿದ್ದೇನೆ.

ಸ್ಕ್ರೀನ್ ಮೇಲೆ ಪಾಠ ಹೇಳುವವರಿಗೆ ಒಂದು ಮಾತು. ಮಗುವಿನ ಮುಖ ಕಾಣದಿದ್ದರೂ ಪರವಾಗಿಲ್ಲ, ಅವರ ಕರ್ಸರ್ ಕಾಣಬೇಕು. ಎಲ್ಲಿ ಬರೆದು ಅಳಿಸಿದರು, ಎಲ್ಲಿ ನಿಂತರು, ಅದೆಲ್ಲ ಅಲ್ಲೇ ಗೊತ್ತಾಗುತ್ತದೆ.

ಪರೀಕ್ಷೆ_ಹುಳು

ಇಲ್ಲಿ ನಾನೊಬ್ಬನೇ ವಿದ್ಯಾರ್ಥಿ ಅನ್ಸುತ್ತೆ. ಹೇಳಬಹುದಾ?

ನಾವು ‘ಗೊತ್ತಾಯ್ತು ಸರ್’ ಅನ್ನೋದು ಗೊತ್ತಾಗಿದ್ದಕ್ಕಲ್ಲ. ಎರಡನೇ ಸಲ ಹೇಳಿದಾಗಲೂ ಅರ್ಥವಾಗದಿದ್ದರೆ ಮೂರನೇ ಸಲ ಕೇಳಲು ನಾಚಿಕೆ. ತರಗತಿಯಲ್ಲಾದರೆ ಹಿಂದಿನ ಬೆಂಚಲ್ಲಿ ತಪ್ಪಿಸಿಕೊಳ್ಳಬಹುದು. ಒಬ್ಬನೇ ಕೂತಾಗ ಎಲ್ಲಿಗೆ ಹೋಗೋದು? ಅದಕ್ಕೇ ಕೋಲೆಬಸವನ ಹಾಗೆ ತಲೆಯಾಡಿಸುತ್ತೇವೆ. ಅದೂ ಅಲ್ಲದೆ ಸರ್ ರಾತ್ರಿಯೆಲ್ಲ ಕೂತು ಬಣ್ಣ ಹಾಕಿದ್ದಾರೆ ಅಂತ ಗೊತ್ತಿದ್ದರೆ ‘ಅರ್ಥವಾಗಲಿಲ್ಲ’ ಅನ್ನಲು ಇನ್ನೂ ಕಷ್ಟ.

ನನಗೊಬ್ಬರು ಮಿಸ್ ಇದ್ದರು. ಅವರು ‘ಅರ್ಥವಾಯ್ತಾ?’ ಅಂತ ಕೇಳುತ್ತಲೇ ಇರಲಿಲ್ಲ. ಪುಸ್ತಕ ಮುಚ್ಚಿ ‘ಈಗ ನೀನು ಮಿಸ್, ನನಗೆ ಹೇಳು’ ಅನ್ನುತ್ತಿದ್ದರು. ಬೇಕು ಅಂತಲೇ ದಡ್ಡ ಪ್ರಶ್ನೆ ಕೇಳುತ್ತಿದ್ದರು. ಹೇಳುತ್ತಾ ಹೇಳುತ್ತಾ ನಡುವೆ ನಿಂತುಬಿಡುತ್ತಿದ್ದೆ. ನಿಂತ ಜಾಗವೇ ಅವತ್ತಿನ ಪಾಠ.

ಮನಸ್ಸಿನ_ಓದುಗ

ಹುಳು ಅವರೇ, ನಿಮ್ಮ ಮಿಸ್ ಪುಸ್ತಕ ಮುಚ್ಚಿಸಿದ್ದಕ್ಕೆ ಬಲವಾದ ಕಾರಣ ಇದೆ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು ವಿದ್ಯಾರ್ಥಿಗಳಿಗೆ ಒಂದು ಪಠ್ಯ ಓದಿಸಿದರು. ಕೆಲವರು ಅದನ್ನೇ ಮತ್ತೆ ಓದಿದರು. ಕೆಲವರು ಪುಸ್ತಕ ಮುಚ್ಚಿ ನೆನಪಿದ್ದದ್ದು ಬರೆದರು. ಐದು ನಿಮಿಷ ಬಿಟ್ಟು ಕೇಳಿದಾಗ ಮತ್ತೆ ಓದಿದವರೇ ಮುಂದು. ಒಂದು ವಾರ ಬಿಟ್ಟು ಕೇಳಿದಾಗ ಮುಚ್ಚಿ ಬರೆದವರು ಮುಂದು. ಪಾಠದ ಕೊನೆಯಲ್ಲಿ ಕೇಳಿಸುವ ‘ಗೊತ್ತಾಯ್ತು’ ಆ ಐದು ನಿಮಿಷದ ‘ಗೊತ್ತಾಯ್ತು’. ಹೊಸಬರು ಪ್ರತಿ ಪಾಠವನ್ನೂ ಹೋದ ವಾರದ ಒಂದು ಲೆಕ್ಕದಿಂದ ಶುರು ಮಾಡಿದರೆ ಮೂರು ತಿಂಗಳು ಕಾಯಬೇಕಾಗಿರಲಿಲ್ಲ.

ಅಕ್ಷರದ_ಜೊತೆ

ಕಲಿಕೆಯ ತೊಂದರೆ ಇರುವ ಮಕ್ಕಳ ಜೊತೆ ಕೆಲಸ ಮಾಡುತ್ತೇನೆ. ಒಂದು ಎಚ್ಚರಿಕೆ. ‘ಶೈಲಿ ಅನ್ನೋದು ಸುಳ್ಳು’ ಅಂತ ಓದಿಕೊಂಡು ಎಲ್ಲ ಮಕ್ಕಳೂ ಒಂದೇ ಅಂದುಕೊಳ್ಳಬೇಡಿ. ಡಿಸ್ಲೆಕ್ಸಿಯಾ, ಅಂದರೆ ಅಕ್ಷರ ಓದಲು ಬರೆಯಲು ತೊಡಕು, ಇರುವ ಮಗುವಿಗೆ ವಿಜ್ಞಾನದ ಪ್ರಶ್ನೆಯನ್ನು ಓದಿ ಹೇಳುವುದು ಶೈಲಿಗೆ ಹೊಂದಿಸಿದ್ದಲ್ಲ, ಬಾಗಿಲು ತೆಗೆದಿದ್ದು. ಆದರೆ ಅದೇ ಮಗುವಿಗೆ ಓದು ಕಲಿಸುವುದನ್ನು ಬಿಡುವ ಹಾಗಿಲ್ಲ. ಅಕ್ಷರ ಮತ್ತು ಧ್ವನಿಯ ನಂಟನ್ನು ಇನ್ನೂ ನಿಧಾನವಾಗಿ, ಇನ್ನೂ ಕ್ರಮವಾಗಿ ಕಲಿಸಬೇಕು. ‘ಅವನು ಕೇಳಿ ಕಲಿಯೋನು’ ಅಂತ ಓದನ್ನೇ ಬಿಟ್ಟ ಮನೆಗಳನ್ನು ನೋಡಿದ್ದೇನೆ, ತುಂಬಾ ಸಂಕಟವಾಗುತ್ತದೆ.

ಕುರ್ಚಿಯಲ್ಲಿ ನಿಲ್ಲದ ಹುಡುಗಿಗೆ ಪಾಠ ಚೂರು ಮಾಡಿ. ಎಂಟು ನಿಮಿಷ ಕೆಲಸ, ಎರಡು ನಿಮಿಷ ಓಡಾಟ. ನಿಂತುಕೊಂಡು ಬೋರ್ಡ್ ಮೇಲೆ ಬರೆಯಲಿ. ಎಲ್ಲ ಕಡೆಯೂ, ಎಲ್ಲ ಹೊತ್ತಿನಲ್ಲೂ ಹೀಗೇ ಇದ್ದಾಳೆ ಅಂತ ಮನೆಯವರೂ ಹೇಳಿದರೆ ತಿಳಿದವರಿಗೆ ತೋರಿಸಲು ಹೇಳಿ. ನೀವೇ ಹೆಸರಿಡಬೇಡಿ.

ಟ್ಯೂಷನ್_ಹೊಸಬ

ಒಂದು ವಾರ ಬಿಟ್ಟು ಬರೆಯುತ್ತಿದ್ದೇನೆ.

ಕಾರ್ಡ್ ಒಯ್ಯಲಿಲ್ಲ. ಕೈ ಖಾಲಿ ನೋಡಿ ಹುಡುಗನೇ ‘ಇವತ್ತು ಏನೂ ತಂದಿಲ್ವಾ?’ ಅಂದ. ಹಳೇ ಹಾಳೆ ತೆಗೆದು 1/2 ದೊಡ್ಡದಾ 2/5 ದೊಡ್ಡದಾ ಅಂದೆ. ‘2/5. ಎರಡೂ ನಂಬರ್ ದೊಡ್ಡವಲ್ವಾ.’ ನನ್ನ ಎದೆ ಧಸಕ್ ಅಂತು. ಅಲ್ಲೂ ಇನ್ನೊಂದು ಬಗ್!

ಬಾಯಿವರೆಗೆ ಬಂದದ್ದನ್ನು ನುಂಗಿಕೊಂಡು ಪಟ್ಟಿ ಕೊಟ್ಟೆ. ಐದು ಭಾಗ ಮಡಚಲು ಒದ್ದಾಡಿದ, ಸ್ಕೇಲ್ ಕೇಳಿದ, ಅಳತೆ ಮಾಡಿ ಗೆರೆ ಹಾಕಿದ. ಎರಡು ಭಾಗಕ್ಕೆ ಪೆನ್ಸಿಲ್ ಉಜ್ಜಿದ. ಅರ್ಧ ಮಡಚಿದ ಪಟ್ಟಿ ಪಕ್ಕದಲ್ಲಿಟ್ಟ. ನಾನು ಮನಸ್ಸಲ್ಲೇ ಎಣಿಸುತ್ತಿದ್ದೆ. ಏಳಕ್ಕೆ ಬಂದಾಗ ‘ಅಯ್ಯೋ, ಕಮ್ಮಿಯಾಯ್ತು’ ಅಂದ. ಇನ್ನೂ ಸ್ವಲ್ಪ ಹೊತ್ತು ಬಿಟ್ಟು, ತನ್ನಷ್ಟಕ್ಕೆ, ‘ಸೇರಿಸಿದ್ದು ಅಲ್ವಾ ನಾನು?’

ಅವತ್ತು 1/2, 1/3 ಎರಡನ್ನೂ ಆರು ಭಾಗ ಮಾಡಿ ಕೂಡಿಸುವವರೆಗೆ (3/6 + 2/6 = 5/6) ಹೋಗಲೇ ಇಲ್ಲ. ಒಂದು ಗಂಟೆಯಲ್ಲಿ ಆಗಿದ್ದು ಇಷ್ಟೇ. ಮನೆಯವರು ‘ಇವತ್ತು ಎಷ್ಟು ಲೆಕ್ಕ ಆಯ್ತು?’ ಅಂದರು. ಒಂದೂ ಇಲ್ಲ ಅಂದೆ. ಮುಖ ಸ್ವಲ್ಪ ಸಣ್ಣದಾಯಿತು.

ಮಾತಾಡದ ಹುಡುಗಿಗೆ ಹತ್ತು ಸೆಕೆಂಡ್ ಕೊಟ್ಟೆ. ಉತ್ತರ ಬರಲಿಲ್ಲ. ಎರಡನೇ ಪಾಠದಲ್ಲಿ ಪೆನ್ಸಿಲ್ ನನ್ನ ಕಡೆ ತಳ್ಳಿದಳು, ನಾನು ವಾಪಸ್ ತಳ್ಳಿದೆ, ಬರೆದಳು. ಇದನ್ನು ಮಾತುಕತೆ ಅನ್ನಬಹುದಾ ಗೊತ್ತಿಲ್ಲ.

ವ್ಯಾಕರಣ_ಮಿಸ್

ಅನ್ನಬಹುದು.

ನನ್ನದೂ ಒಂದು ವರದಿ. ನಡೆಯುವ ಹುಡುಗನನ್ನು ನಡೆಯಲು ಬಿಟ್ಟೆ. ಆದರೆ ಪದ್ಯ ಬಂದ ಮೇಲೆ ಕೂರಿಸಿ, ನೋಡದೆ ಬರೆಸಿದೆ. ನಾಲ್ಕು ಸಾಲಿನಲ್ಲಿ ಮೂರು ಬರೆದ. ಎರಡನೇ ಸಾಲಿನ ಅರ್ಥ ಕೇಳಿದರೆ ಪಿಳಿಪಿಳಿ ಕಣ್ಣು ಬಿಟ್ಟ. ಎರಡು ವರ್ಷದಿಂದ ನಡೆದಿದ್ದು ಬರೀ ಉರು ಹೊಡೆಯೋಕೆ ಅಂತ ಈಗ ಗೊತ್ತಾಯಿತು. ಮನಸ್ಸಿನ ಓದುಗರೇ, ಇದನ್ನು ಪೂರ್ತಿ ಒಪ್ಪಿಗೆ ಅಂತ ತಿಳಿಯಬೇಡಿ.

ಹಳೇ_ಕರಿಹಲಗೆ

ಹೊಸಬರೇ, ಒಂದೂ ಲೆಕ್ಕ ಆಗದ ಆ ಗಂಟೆ ಸರಿಯಾಗಿಯೇ ಹೋಯಿತು. ಮನೆಯವರಿಗೆ ಆ ಎರಡು ಪಟ್ಟಿ ತೋರಿಸಿ, ಹುಡುಗನ ಬಾಯಲ್ಲೇ ಹೇಳಿಸಿ. ಎಷ್ಟು ಲೆಕ್ಕ ಅಂತ ಕೇಳುವುದು ತಾನಾಗಿ ಕಮ್ಮಿಯಾಗುತ್ತದೆ. ಪೂರ್ತಿ ನಿಲ್ಲಲ್ಲ, ಅದರ ಆಸೆ ಬೇಡ.

ಒಂದು ನೋಟ್‌ಬುಕ್ ಇಡಿ. ಒಬ್ಬೊಬ್ಬರಿಗೆ ಒಂದು ಪುಟ. ಅದರಲ್ಲಿ ‘ನೋಡಿ ಕಲಿಯುವವನು’ ಅಂತ ಬರೆಯಬೇಡಿ. ‘ಕೆಳಗಿನ ಸಂಖ್ಯೆ ದೊಡ್ಡದಾದರೆ ಭಿನ್ನರಾಶಿಯೂ ದೊಡ್ಡದು ಅನ್ನುತ್ತಾನೆ’ ಅಂತ ಬರೆದು ತಾರೀಕು ಹಾಕಿ. ಆ ತಪ್ಪು ಹೋದ ದಿನ ಹೊಡೆದು ಹಾಕಿ.

ಆರು ಭಾಗದ ಪಾಠ ಮುಗಿದ ಮೇಲೆ 3/4 − 2/3 ಕೊಡಿ. ಬೇಕು ಅಂತಲೇ ಇದನ್ನು ಹೇಳುತ್ತಿದ್ದೇನೆ. ಹಳೇ ನಿಯಮ ಒಳಗೆ ಉಳಿದಿದ್ದರೆ 1/1 ಬರುತ್ತದೆ. ಮುಕ್ಕಾಲಿನಲ್ಲಿ ಕಳೆದು ಪೂರ್ತಿ ಒಂದು! ಅಲ್ಲಿ ಸಿಕ್ಕಿಬೀಳುತ್ತಾನೆ.

ಟ್ಯೂಷನ್_ಹೊಸಬ

ಇವತ್ತು ಕೊಟ್ಟೆ. ಮೊದಲು 1/1 ಅಂತಲೇ ಬರೆದ. ಮುಚ್ಚಳ ಹಾಕಲು ಹೋದವನು ನಿಂತ. ಹಾಳೆ ನೋಡಿದ, ನನ್ನ ಮುಖ ನೋಡಿದ. ನಾನು ಕಿಟಕಿ ನೋಡಿದೆ. ಹೊಡೆದು ಹಾಕಿ ಹನ್ನೆರಡು ಮನೆಯ ಪಟ್ಟಿ ಗೀಚಿದ. 1/12 ಬಂತು.

ಹನ್ನೆರಡೇ ಯಾಕೆ ಅಂತ ಕೇಳಿದೆ. ‘ಗೊತ್ತಿಲ್ಲ ಸರ್, ಹನ್ನೆರಡಾದ್ರೆ ಎರಡೂ ಸರಿಯಾಗಿ ಕೂರುತ್ತೆ’ ಅಂದ. ‘ಗೊತ್ತಾಯ್ತು ಸರ್’ ಅನ್ನಲಿಲ್ಲ. ಅಷ್ಟು ಬರೆದುಕೊಂಡಿದ್ದೇನೆ, ತಾರೀಕು ಹಾಕಿ.